ಗಡಿಗೆಯಲ್ಲಿ ಕೂತ ತಾಮ್ರದ ದುಡ್ಡು: ವಿಂಗಡಣೆಯಿಂದ ಪಾರ್ಸೆಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆಯ ಮನೆಗಳಲ್ಲಿ ತಾಮ್ರದ ದುಡ್ಡು ಕಿಲೋಗಟ್ಟಲೆ ಉಳಿದಿರುವುದಕ್ಕೆ ಕಾರಣವಿದೆ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಸ್ವಂತ 'ಹಾಲಿ' ನಾಣ್ಯವೂ ಬ್ರಿಟಿಷರ 'ಕಲ್ದಾರ್' ನಾಣ್ಯವೂ ಎರಡೂ ಜನರ ಕೈಗೆ ಬರುತ್ತಿದ್ದವು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಲೆಕ್ಕವಿತ್ತು. ಮುಂದೆ ಹಾಲಿ ನಿಂತಿತು, 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯೂ ಮುಗಿಯಿತು. ಒಂದೊಂದು ಬದಲಾವಣೆಗೂ ಒಂದಿಷ್ಟು ಚಿಲ್ಲರೆ ಗಡಿಗೆ ಸೇರಿ ಅಲ್ಲೇ ಉಳಿಯಿತು.

ಇಂಥ ಸಂಗ್ರಹದಿಂದ ದುಡ್ಡು ಮಾಡಲು ಸಾಧ್ಯವಿದೆ. ಆದರೆ ಅದು ತಾಮ್ರದ ತೂಕದಿಂದಲೂ ಬರುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ 'ಈ ನಾಣ್ಯಕ್ಕೆ ಹತ್ತು ಲಕ್ಷ' ಎಂಬ ಮಾತಿನಿಂದಲೂ ಬರುವುದಿಲ್ಲ. ಸರಿಯಾಗಿ ವಿಂಗಡಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹಾಳಾಗದಂತೆ ತಲುಪಿಸಿದವರಿಗೆ ಬರುತ್ತದೆ. ಈ ಮೂರರಲ್ಲಿ ಹೆಚ್ಚು ಸಮಯ ಬೇಡುವುದು ಮೊದಲನೆಯದು.

ಗುಜರಿಗೆ ಏಕೆ ಹಾಕಬಾರದು

ಒಂದು ಲೆಕ್ಕ ನೋಡಿ. 1906ಕ್ಕಿಂತ ಹಿಂದಿನ ತಾಮ್ರದ ಕಾಲಾಣೆ (ಅಂದಿನ ಒಂದು ಪೈಸೆ) 6.47 ಗ್ರಾಂ ತೂಗುತ್ತದೆ. ಅಂದರೆ ಕಿಲೋಗೆ ಸುಮಾರು 154. ಗುಜರಿಯಲ್ಲಿ ತಾಮ್ರ ಕಿಲೋಗೆ 700 ರೂಪಾಯಿ ಎಂದು ಹಿಡಿದರೆ ಒಂದು ಕಾಲಾಣೆಗೆ ನಾಲ್ಕೂವರೆ ರೂಪಾಯಿ. 1906ರ ನಂತರದ ಕಂಚಿನ ಕಾಲಾಣೆ 4.86 ಗ್ರಾಂ, ಕಿಲೋಗೆ 205. ಅದಕ್ಕೆ ಮೂರೂವರೆಯೂ ಗಿಟ್ಟುವುದಿಲ್ಲ. ಇಸವಿ ಓದಲು ಬರುವ ಸಾಧಾರಣ ಕಾಲಾಣೆಗೂ ಸಂಗ್ರಾಹಕರು ಇದಕ್ಕಿಂತ ಹೆಚ್ಚು ಕೊಡುತ್ತಾರೆ.

ಲೆಕ್ಕ ಹಾಗಿರಲಿ, ರಾಶಿಯಲ್ಲಿ ಈಗಿನ ನಾಣ್ಯ ಬೆರೆತಿದ್ದರೆ ಕಾನೂನೂ ಅಡ್ಡ ಬರುತ್ತದೆ. 2011ರ ನಾಣ್ಯ ಕಾಯ್ದೆ ಚಲಾವಣೆಯಲ್ಲಿರುವ ನಾಣ್ಯ ಕರಗಿಸುವುದನ್ನು, ಒಡೆದು ಹಾಳುಮಾಡುವುದನ್ನು ನಿಷೇಧಿಸಿದೆ. ಶಿಕ್ಷೆ ಏಳು ವರ್ಷದ ಸೆರೆಯವರೆಗೆ ಹೋಗಬಹುದು. ಈಗ ಚಲಾವಣೆಯಲ್ಲಿರುವ ನಾಣ್ಯಗಳನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರಲೆಂದು ರಾಶಿ ಹಾಕುವುದೂ ಅದೇ ನಿಷೇಧದಲ್ಲಿ ಬರುತ್ತದೆ. ಹಾಗಾಗಿ ಈ ಬರಹದ ಮಾತೆಲ್ಲ ಚಲಾವಣೆ ಮುಗಿದ ಹಳೆಯ ನಾಣ್ಯಗಳಿಗೆ ಮಾತ್ರ.

ಮೊದಲ ಪ್ರಶ್ನೆ: ಇದು ಎಲ್ಲಿಂದ ಬಂತು?

ಅಜ್ಜನ ತಿಜೋರಿ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ, ದೇವರ ಜಗುಲಿಯ ಡಬ್ಬಿ, ಇಂಥ ಕಡೆ ಇದ್ದದ್ದು ಮನೆತನದ ಸೊತ್ತು. ಹೊಲ ಉಳುವಾಗ, ಹಗೇವು ತೆಗೆಯುವಾಗ, ಹಳೆಯ ಗೋಡೆ ಕೆಡವುವಾಗ ಸಿಕ್ಕಿದ್ದು ಬೇರೆ ಮಾತು. ನಿಧಿಯ ಬಗೆಗಿನ ಕಾನೂನು ನೆಲದಲ್ಲಿ ಹೂತದ್ದನ್ನಷ್ಟೇ ಅಲ್ಲ, ನೆಲಕ್ಕೆ ಅಂಟಿಕೊಂಡ ಕಟ್ಟಡದಲ್ಲಿ ಅಡಗಿದ್ದನ್ನೂ ನಿಧಿ ಎಂದೇ ಎಣಿಸುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಇಂಥದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗಡಿಗೆ, ಬಟ್ಟೆ, ನಾಣ್ಯ ಎಲ್ಲ ಸಿಕ್ಕ ಸ್ಥಿತಿಯಲ್ಲೇ ಇರಲಿ. ಕಲಬುರಗಿ ಮತ್ತು ಬೀದರ್ ಎರಡೂ ಬಹಮನಿ ಸುಲ್ತಾನರ ರಾಜಧಾನಿಗಳಾಗಿದ್ದ ಊರುಗಳು. ಇಲ್ಲಿನ ಮಣ್ಣಿನಲ್ಲಿ ಬಹಮನಿ, ಬರೀದ್‌ಶಾಹಿ, ಆದಿಲ್‌ಶಾಹಿ ತಾಮ್ರ ಸಿಗುವುದು ಅಪರೂಪವಲ್ಲ. ಒಟ್ಟಿಗೆ ಹೂತಿಟ್ಟ ನಾಣ್ಯಗಳನ್ನು ಚದುರಿಸಿದರೆ, ಯಾರ ಕಾಲದಲ್ಲಿ ಯಾವ ನಾಣ್ಯ ಜೊತೆಯಾಗಿ ನಡೆಯುತ್ತಿತ್ತು ಎಂಬ ಮಾಹಿತಿ ಮತ್ತೆಂದೂ ಸಿಗುವುದಿಲ್ಲ. ಆ ನಷ್ಟಕ್ಕೆ ಬೆಲೆ ಕಟ್ಟಲಾಗದು.

ಇನ್ನೊಂದು ಕಾಯ್ದೆ 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆ. ನೂರು ವರ್ಷ ತುಂಬಿದ ನಾಣ್ಯ ಅದರ ಪ್ರಕಾರ ಪುರಾವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವ್ಯಾಪಾರವಾಗಿ ಮಾರುವವರಿಗೆ ಲೈಸೆನ್ಸ್ ಬೇಕು. ನೂರು ವರ್ಷದ ಗೆರೆ ಪ್ರತಿವರ್ಷ ಒಂದು ಇಸವಿ ಮುಂದೆ ಸರಿಯುತ್ತಿರುತ್ತದೆ ಎಂಬುದನ್ನೂ ಮರೆಯಬಾರದು. ಮನೆಯಲ್ಲಿದ್ದ ಒಂದು ಸಂಗ್ರಹವನ್ನು ಒಮ್ಮೆ ಕೊಟ್ಟು ಮುಗಿಸುವವರು ಹಳೆಯ ಭಾಗವನ್ನು ಲೈಸೆನ್ಸ್ ಇರುವ ವ್ಯಾಪಾರಿಗೆ ಅಥವಾ ಹರಾಜು ಸಂಸ್ಥೆಗೆ ಒಪ್ಪಿಸುವುದು ನೆಮ್ಮದಿಯ ದಾರಿ. ದುಬೈನಿಂದಲೋ ಅಮೆರಿಕದಿಂದಲೋ ಯಾರಾದರೂ ಕೇಳಿದರೆ ಇಲ್ಲ ಎಂದುಬಿಡಿ.

ವಿಂಗಡಣೆ

ಬೇಕಾದ ಸಾಮಾನು ಕಡಿಮೆ: 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರ, ಒಂದು ವರ್ನಿಯರ್ ಕ್ಯಾಲಿಪರ್, ಆಯಸ್ಕಾಂತ, ಹಾಸಲು ದಪ್ಪ ಬಟ್ಟೆ. ನಾಣ್ಯದ ಮುಖ ಮುಟ್ಟಬೇಡಿ, ಅಂಚು ಹಿಡಿದು ಎತ್ತಿ. ಬೆರಳಿನ ಬೆವರಿನ ಉಪ್ಪು ಕೆಂಪು ಹೊಳಪು ಉಳಿದ ನಾಣ್ಯದ ಮೇಲೆ ಕೆಲವೇ ವಾರಗಳಲ್ಲಿ ಕಲೆಯಾಗುತ್ತದೆ.

ಮೊದಲು ಆಯಸ್ಕಾಂತ ಆಡಿಸಿ. ತಾಮ್ರ, ಕಂಚು ಎರಡೂ ಅಂಟುವುದಿಲ್ಲ. ಅಂಟಿದ್ದು ಬೇರೆ ಲೋಹ, ಅದನ್ನು ಪಕ್ಕಕ್ಕಿಡಿ. ಆಮೇಲೆ ಐದು ಗುಂಪು ಮಾಡಿ.

ಒಂದನೆಯದು ಹಾಲಿ. ಒಂದು ಪೈ, ಎರಡು ಪೈ, ಅರ್ಧಾಣೆ. ಒಂದು ಬದಿಗೆ ಸುತ್ತಿ ಹೆಣೆದಂತೆ ಕಾಣುವ ತುಘ್ರಾ ಲಿಪಿ ಇರುತ್ತದೆ. ಇಸವಿ ಹಿಜರಿಯಲ್ಲಿ, ಉರ್ದು ಅಂಕಿಯಲ್ಲಿ. ಅಂಕಿ ಗುರುತಿಸುವುದು ಕಷ್ಟವಲ್ಲ: ಸೊನ್ನೆ ಬರೀ ಚುಕ್ಕೆ, ಒಂದು ನೆಟ್ಟಗಿನ ಗೀಟು, ಐದು ತಲೆಕೆಳಗಾದ ಹೃದಯದ ಹಾಗೆ, ಏಳು ಮೇಲಕ್ಕೆ ಬಾಯಿ ತೆರೆದ ಮೂಲೆ, ಎಂಟು ಕೆಳಕ್ಕೆ ಬಾಯಿ ತೆರೆದ ಮೂಲೆ. ಓದಿದ ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿದರೆ ಕ್ರಿಸ್ತಶಕ ಬರುತ್ತದೆ. ಹಿಜರಿ 1344 ಅಂದರೆ 1925ರ ಕೊನೆ, 1926ರ ಮೊದಲು. ಮನೆಯಲ್ಲಿ ಉರ್ದು ಓದಿದ ಹಿರಿಯರಿದ್ದರೆ ಒಂದು ಮಧ್ಯಾಹ್ನ ಜೊತೆಗೆ ಕೂರಿಸಿಕೊಳ್ಳಿ. ಅಂದಿನ ಶಾಲೆಗಳಲ್ಲಿ ಉರ್ದು ಕಲಿತ ಪೀಳಿಗೆಯವರು ನಮ್ಮ ಕಡೆ ಇನ್ನೂ ಇದ್ದಾರೆ, ಅವರ ಕಣ್ಣಿಗೆ ಇದು ನಿಮಿಷದ ಕೆಲಸ. ಇಸವಿ ಓದಿ ಬರೆದಿಟ್ಟ ಹಾಲಿ ನಾಣ್ಯಕ್ಕೂ 'ನಿಜಾಮರ ಹಳೆ ನಾಣ್ಯ' ಎಂದಷ್ಟೇ ಬರೆದದ್ದಕ್ಕೂ ಸಿಗುವ ಬೆಲೆಯಲ್ಲಿ ಬಹಳ ಅಂತರವಿದೆ.

ಎರಡನೆಯದು ಕಲ್ದಾರ್ ಬಳಗ. ಇಲ್ಲಿ ತೂಕವೇ ಸಾಕ್ಷಿ. ತಾಮ್ರದ ಅರ್ಧಾಣೆ 12.95 ಗ್ರಾಂ, ಕಾಲಾಣೆ 6.47, ಅರ್ಧ ಪೈಸೆ 3.24, ಆಣೆಯ ಹನ್ನೆರಡನೇ ಒಂದು ಭಾಗವಾದ ಪೈ 2.16. 1906ರಿಂದ ಕಂಚಿಗೆ ಬದಲಾದಾಗ ಕಾಲಾಣೆ 4.86, ಅರ್ಧ ಪೈಸೆ 2.43, ಪೈ 1.62ಕ್ಕೆ ಇಳಿದವು. 1906ರ ಇಸವಿಯಲ್ಲಿ ತಾಮ್ರ, ಕಂಚು ಎರಡೂ ಇವೆ. ಆ ಇಸವಿಯದ್ದು ಸಿಕ್ಕರೆ ಕಡ್ಡಾಯವಾಗಿ ತೂಗಿ. ಸವೆದ ನಾಣ್ಯ ತುಸು ಹಗುರ ಇರುವುದು ಸಹಜ, ಆದರೆ ಒಂದೂವರೆ ಗ್ರಾಂ ಅಂತರ ಸವೆತದಿಂದ ಬರುವುದಿಲ್ಲ. 1835ರ ಈಸ್ಟ್ ಇಂಡಿಯಾ ಕಂಪನಿ ಕಾಲಾಣೆ, 1862ರಿಂದ 1876ರವರೆಗಿನ 'ಕ್ವೀನ್' ಬರಹದ್ದು, 1877ರಿಂದ 1901ರವರೆಗಿನ 'ಎಂಪ್ರೆಸ್' ಬರಹದ್ದು, ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್, ಹೀಗೆ ರಾಜರ ಪ್ರಕಾರ ಸಾಲು ಹಚ್ಚಿ, ಪ್ರತಿ ಸಾಲಿನಲ್ಲಿ ಇಸವಿ ಪ್ರಕಾರ ಇಡಿ. 1911ರ ಐದನೇ ಜಾರ್ಜ್ ನಾಣ್ಯ ಸಿಕ್ಕರೆ ಪ್ರತ್ಯೇಕವಾಗಿ ಎತ್ತಿಡಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಬಂದು ಮರುವರ್ಷವೇ ಚಿತ್ರ ಬದಲಾಯಿತು. ಅದಕ್ಕೆ ಇವತ್ತಿಗೂ ಬೇಡಿಕೆ ಇದೆ. 1943ರಿಂದ 1947ರವರೆಗಿನ ತೂತಿನ ಪೈಸೆ ಎಲ್ಲ ಮನೆಯಲ್ಲೂ ಇರುತ್ತದೆ. ಅದನ್ನು ಬಿಡಿಯಾಗಿ ಮಾರುವ ಶ್ರಮ ಬೇಡ, ನೂರರ ಕಟ್ಟು ಕಟ್ಟಿ.

ಮೂರನೆಯದು ಸ್ವಾತಂತ್ರ್ಯಾನಂತರದ್ದು: 1950ರಿಂದ ಬಂದ ಕುದುರೆ ಪೈಸೆ, 1957ರಿಂದ 1962ರವರೆಗಿನ ಕಂಚಿನ ಒಂದು ನಯಾಪೈಸೆ. ಇಸವಿಯ ಕೆಳಗಿನ ಟಂಕಸಾಲೆ ಗುರುತು ನೋಡಿ. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕಲ್ಕತ್ತ. ಇವು ಸವೆದಿದ್ದರೆ ಬೆಲೆ ಅಷ್ಟಕ್ಕಷ್ಟೇ. ಕೆಂಪು ಹೊಳಪು ಹಾಗೇ ಉಳಿದಿದ್ದರೆ ಮಾತ್ರ ಬೇರೆ ಮಾಡಿ.

ನಾಲ್ಕನೆಯದು ಸುಲ್ತಾನರ ಕಾಲದ ದಪ್ಪ, ಅಂಕುಡೊಂಕು ತಾಮ್ರ. ತೂಕ ಬರೆದು, ಎರಡೂ ಬದಿಯ ಚಿತ್ರ ತೆಗೆದು, ಕೈಹಾಕದೆ ಇಡಿ. ಇದನ್ನು ಓದಬಲ್ಲ ವ್ಯಾಪಾರಿಗೆ ತೋರಿಸುವವರೆಗೆ ಬೆಲೆ ಹೇಳಬೇಡಿ.

ಐದನೆಯದು ನಕಲಿ. 'ಈಸ್ಟ್ ಇಂಡಿಯಾ ಕಂಪನಿ, ಯು.ಕೆ.ಎಲ್. ಒನ್ ಆನಾ, 1818' ಎಂದು ಬರೆದು ಹಿಂಬದಿಗೆ ರಾಮ ಪಟ್ಟಾಭಿಷೇಕ, ಹನುಮಂತ, ಲಕ್ಷ್ಮಿ ಇರುವ ಬಿಲ್ಲೆಗಳು ನಮ್ಮ ಸಂತೆಗಳಲ್ಲೂ ಜಾತ್ರೆಗಳಲ್ಲೂ ಧಾರಾಳ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದೇ 1907ರ ಹೊತ್ತಿಗೆ, ಅದೂ ತಾಮ್ರದಲ್ಲಲ್ಲ, ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ. ಇವು ಪೂಜೆಯ ಜಗುಲಿಗೆ ಸರಿ. ಮಾರುವ ಗುಂಪಿನಲ್ಲಿ ಒಂದು ಬೆರೆತರೂ ಉಳಿದ ನೂರರ ಮೇಲಿನ ನಂಬಿಕೆ ಹೋಗುತ್ತದೆ.

ತೊಳೆಯುವುದು ಎಂಬ ದೊಡ್ಡ ತಪ್ಪು

ಹುಣಸೆಹಣ್ಣು, ನಿಂಬೆ, ಪಿತಾಂಬರಿ, ಬೂದಿ: ತಾಮ್ರದ ಬಿಂದಿಗೆಗೆ ಸರಿ, ನಾಣ್ಯಕ್ಕೆ ವಿಷ. ಹುಳಿ ತಾಗಿದರೆ ದಶಕಗಳಿಂದ ಕೂತ ಕಂದು ಪದರ ಕರಗಿ ಒಳಗಿನ ಹಸಿ ಗುಲಾಬಿ ತಾಮ್ರ ಹೊರಬೀಳುತ್ತದೆ. ಪುಡಿ ಹಚ್ಚಿ ಉಜ್ಜಿದರೆ ಕೂದಲಿನಂಥ ಗೀರು ಬೀಳುತ್ತವೆ. ಅನುಭವಿ ಕೊಳ್ಳುಗ ಫೋಟೋದಲ್ಲೇ ಇದನ್ನು ಹಿಡಿಯುತ್ತಾನೆ, ಬೆಲೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಬೀದರ್‌ನಲ್ಲಿ ಬಿದ್ರಿ ಕೆಲಸ ಬಲ್ಲವರ ಮನೆಯಲ್ಲಿ ಇನ್ನೊಂದು ಅಪಾಯವಿದೆ: ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಬಿದ್ರಿ ಕಪ್ಪಾಗಿಸುವ ನೀರನ್ನು ನಾಣ್ಯಕ್ಕೂ ಹಚ್ಚಿ 'ಹಳೆಯ ಬಣ್ಣ' ಕೊಡುವ ಆಸೆ. ಬೇಡ. ನವಸಾಗರದ ಕ್ಲೋರೈಡ್ ತಾಮ್ರದೊಳಗೆ ಕೂತು, ಮಳೆಗಾಲದ ತೇವ ಸಿಕ್ಕಾಗ ತಿಳಿಹಸಿರು ಪುಡಿಯಾಗಿ ಏಳುತ್ತದೆ. ಬಿದ್ರಿಯ ಜೀವಾಳ ಸತು, ನಾಣ್ಯದ ಜೀವಾಳ ತಾಮ್ರ. ಎರಡಕ್ಕೂ ಒಂದೇ ಮದ್ದು ನಡೆಯದು.

ಮಾಡಬಹುದಾದದ್ದು ಇಷ್ಟೇ. ಮಣ್ಣು, ಧೂಳು ಇದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ದಿನ ನೆನೆಯಿಡಿ, ನೀರು ಎರಡು ಸಲ ಬದಲಿಸಿ, ಮೆತ್ತನೆ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ. ಬೋರ್‌ವೆಲ್ ನೀರು ಬಳಸಬೇಡಿ, ಅದರ ಉಪ್ಪು ಹಾಗೇ ನಾಣ್ಯದ ಮೇಲೆ ಉಳಿಯುತ್ತದೆ. ಎಣ್ಣೆ, ಗೋಂದು, ಸೆಲೋಟೇಪಿನ ಅಂಟು ಇದ್ದರೆ ಶುದ್ಧ ಅಸಿಟೋನ್, ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದು, ಒಲೆ ಹತ್ತಿರ ಇಲ್ಲದಂತೆ. ನೇಲ್‌ಪಾಲಿಶ್ ತೆಗೆಯುವ ಬಣ್ಣದ ದ್ರವ ಬೇಡ, ಅದರಲ್ಲಿ ಬೇರೆ ಎಣ್ಣೆಗಳಿರುತ್ತವೆ.

ಗಟ್ಟಿಯಾಗಿ ಕೂತ ಕಡುಹಸಿರು ಬಣ್ಣ ರೋಗವಲ್ಲ. ಬೆರಳಿಗೆ ಉದುರುವ ತಿಳಿಹಸಿರು ಪುಡಿ ರೋಗ. ಅಂಥದ್ದನ್ನು ತಕ್ಷಣ ಬೇರೆ ಡಬ್ಬಿಗೆ, ಸಿಲಿಕಾ ಜೆಲ್ ಜೊತೆ ಹಾಕಿ. ಒಂದರಲ್ಲಿ ಹುಟ್ಟಿದ್ದು ತೇವದ ಡಬ್ಬಿಯಲ್ಲಿ ಪಕ್ಕದವಕ್ಕೂ ಹರಡುತ್ತದೆ. ಮಾರುವಾಗ ಅದನ್ನು ಬಾಯಿಬಿಟ್ಟು ಹೇಳಿ.

ಬೆಲೆ ಕಟ್ಟುವುದು

ಜನ ಕೇಳುತ್ತಿರುವ ಬೆಲೆಯನ್ನು ನೋಡಬೇಡಿ, ನಿಜವಾಗಿ ಮಾರಿಹೋದ ಬೆಲೆಯನ್ನು ನೋಡಿ. ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಫಲಿತಾಂಶ ಪ್ರಕಟಿಸುತ್ತವೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ ಆಕ್ಷನ್ಸ್ ಇಂಥವು. ಅಲ್ಲಿಗೆ ಹೋಗುವುದು ಅಪರೂಪದ್ದು ಮಾತ್ರ. ಸಾಧಾರಣ ಕಾಲಾಣೆಯ ಬೆಲೆ ತಿಳಿಯಲು ನಾಣ್ಯ ಮೇಳದಲ್ಲಿ ಮೂರ್ನಾಲ್ಕು ಮೇಜುಗಳ ಮುಂದೆ ನಿಂತು, ವ್ಯಾಪಾರಿ ಮಾರುವ ಬೆಲೆ, ಅದೇ ವ್ಯಾಪಾರಿ ಕೊಳ್ಳುವ ಬೆಲೆ ಎರಡನ್ನೂ ಕೇಳಿ. ಎರಡರ ನಡುವಿನ ಅಂತರವೇ ನೀವು ಸ್ವತಃ ಮಾರಿದರೆ ಉಳಿಯಬಹುದಾದ ಹಣ. ಅದರಲ್ಲಿ ನಿಮ್ಮ ಸಮಯದ ಕೂಲಿಯನ್ನೂ ಕಳೆಯಬೇಕು.

ಸ್ಥಿತಿಯನ್ನು ಉಬ್ಬಿಸಬೇಡಿ. ವಿಕ್ಟೋರಿಯಾ ನಾಣ್ಯದಲ್ಲಿ ತಲೆಗೂದಲಿನ ಎಳೆ ಬೇರೆಬೇರೆಯಾಗಿ ಕಂಡರೆ ಮೇಲಿನ ದರ್ಜೆ, ಕೂದಲು ಒಂದೇ ಮುದ್ದೆಯಾಗಿದ್ದು ಇಸವಿ ಪೂರ್ತಿ ಓದಲು ಬಂದರೆ ನಡುವಿನದು, ಇಸವಿಯ ಒಂದು ಅಂಕಿ ಊಹಿಸಬೇಕಾದರೆ ಅದು ಕಟ್ಟಿನ ನಾಣ್ಯ.

ಒಂದು ನಾಣ್ಯದ ಎರಡೂ ಬದಿ ಫೋಟೋ ತೆಗೆದು, ವಿವರ ಬರೆದು, ನಾಲ್ಕು ಜನರ ಚೌಕಾಸಿಗೆ ಉತ್ತರಿಸಿ, ಕಟ್ಟಿ, ಅಂಚೆಗೆ ಹಾಕಲು ಅರ್ಧ ಗಂಟೆ ಬೇಕೇ ಬೇಕು. ಮೂವತ್ತು ರೂಪಾಯಿಯ ನಾಣ್ಯಕ್ಕೆ ಅಷ್ಟು ಸಮಯ ಸುರಿಯುವುದು ನಷ್ಟ. ಹಾಗಾಗಿ ನೂರು ನಾಣ್ಯದಲ್ಲಿ ಐದಾರನ್ನು ಬಿಡಿಯಾಗಿ, ಹತ್ತಿಪ್ಪತ್ತನ್ನು 'ಬೇರೆಬೇರೆ ಇಸವಿಯ ಹತ್ತು' ಎಂಬಂಥ ಸೆಟ್ಟಾಗಿ, ಉಳಿದದ್ದನ್ನು ನೂರರ ಕಟ್ಟಾಗಿ ಮಾರಿ. ಇಸವಿಗಳ ಸೆಟ್ಟು ಹೊಸ ಸಂಗ್ರಾಹಕರಿಗೆ ಬಹಳ ಇಷ್ಟ, ವಿಂಗಡಣೆಯ ಶ್ರಮಕ್ಕೆ ಪ್ರತಿಫಲ ಹೆಚ್ಚು ಸಿಗುವುದು ಇಲ್ಲೇ.

ಹಾಲಿ ನಾಣ್ಯಕ್ಕೆ ಹೈದರಾಬಾದ್ ವ್ಯಾಪಾರಿಗಳಷ್ಟು ಬಲ್ಲವರು ಬೇರೆಡೆ ಕಡಿಮೆ. ಬೀದರ್‌ನಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಹತ್ತಿಪ್ಪತ್ತು ಕಿಲೋ ಸರಕಿದ್ದರೆ ಅಂಚೆಗಿಂತ ಕೈಯಲ್ಲೇ ಒಯ್ಯುವುದು ಅಗ್ಗ. ಪಟ್ಟಿ, ತೂಕ, ಮನೆತನದ ಸೊತ್ತೆಂಬ ಒಂದು ಸಹಿ ಮಾಡಿದ ಹೇಳಿಕೆ ಜೊತೆಗಿರಲಿ.

ವಂಚಕರು

ಹಳೆಯ ನಾಣ್ಯದ ಜಾಹೀರಾತು ಹಾಕಿದ ದಿನವೇ ಕರೆ ಬರುತ್ತದೆ. 'ರಿಸರ್ವ್ ಬ್ಯಾಂಕಿನ ಅನುಮತಿ ಶುಲ್ಕ ಕಟ್ಟಿ, ಜಿ.ಎಸ್.ಟಿ. ಮೊದಲು ಕಳಿಸಿ, ಆಮೇಲೆ ಲಕ್ಷಗಳು ನಿಮ್ಮ ಖಾತೆಗೆ' ಎನ್ನುತ್ತಾರೆ. ಹಳೆಯ ನೋಟು-ನಾಣ್ಯದ ವ್ಯಾಪಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಮಾರುವವರು ಯಾರಿಗೂ ಮುಂಗಡ ಕೊಡಬೇಕಾಗಿಲ್ಲ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಹಣ ಬಂದಿದೆಯೇ ಎಂದು ಅವರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ನೋಡಬೇಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ನೋಡಿ. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಟ್ಟುವುದು

ನಾಣ್ಯದ ಪಾರ್ಸೆಲ್ ಹಾಳಾಗುವುದು ಒಳಗಿನಿಂದ. ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ತೂಕ. ಎತ್ತಿ ಎಸೆದಾಗ ಒಳಗಿನ ಲೋಹವೇ ಸುತ್ತಿಗೆಯಂತೆ ಬಡಿದು ಮೂಲೆ ಸೀಳುತ್ತದೆ, ಆ ಸೀಳಿನಿಂದ ನಾಣ್ಯ ಒಂದೊಂದಾಗಿ ಜಾರುತ್ತವೆ. ಆದ್ದರಿಂದ ಒಳಗೆ ಏನೂ ಅಲುಗಾಡದಂತೆ ಕಟ್ಟುವುದೇ ಮುಖ್ಯ.

1. ಬಿಡಿ ನಾಣ್ಯಕ್ಕೆ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರ್. ಮೆತ್ತಗೆ ಬಾಗುವ, ವಾಸನೆ ಬರುವ ಪಿ.ವಿ.ಸಿ. ಚೀಲ ಬೇಡ, ಅದು ತಾಮ್ರದ ಮೇಲೆ ಹಸಿರು ಜಿಗುಟು ಬಿಡುತ್ತದೆ. ಸ್ಟೇಪ್ಲರ್ ಪಿನ್ನಿನ ಚೂಪನ್ನು ಇಕ್ಕಳದಿಂದ ಚಪ್ಪಟೆ ಮಾಡಿ.

2. ಕಟ್ಟಿನ ನಾಣ್ಯ ಐವತ್ತೈವತ್ತರ ಸುರುಳಿ. ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ತುದಿ ಮಡಚಿ, ಟೇಪನ್ನು ಕಾಗದಕ್ಕೆ ಮಾತ್ರ ಹಚ್ಚಿ. ರಬ್ಬರ್ ಬ್ಯಾಂಡ್ ಮುಟ್ಟಲೇಬೇಡಿ; ಅದರ ಗಂಧಕ ತಾಮ್ರದ ಮೇಲೆ ಅಳಿಯದ ಕಪ್ಪು ಗೆರೆ ಎಳೆಯುತ್ತದೆ. ಹಳೆ ಪತ್ರಿಕೆಯಲ್ಲೂ ನೇರವಾಗಿ ಸುತ್ತಬೇಡಿ.

3. ಎರಡು ಸುರುಳಿಗೆ ಒಂದು ಜಿಪ್ ಚೀಲ, ಒಂದೊಂದು ಚೀಲಕ್ಕೂ 5 ಗ್ರಾಂ ಸಿಲಿಕಾ ಜೆಲ್. ಮಳೆಗಾಲದಲ್ಲಿ ಕಟ್ಟುವುದಾದರೆ ನಾಣ್ಯಗಳನ್ನು ಒಣ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ಕಟ್ಟಿ.

4. ಒಳಪೆಟ್ಟಿಗೆ ಮೂರು ಪದರದ್ದು, ಹೊರಪೆಟ್ಟಿಗೆ ಐದು ಪದರದ್ದು. ನಡುವೆ ಸುತ್ತಲೂ ಎರಡು ಬೆರಳಿನಷ್ಟು ದಪ್ಪ, ಒತ್ತಿ ತುಂಬಿದ ಕಾಗದ ಅಥವಾ ಫೋಮ್. ಮುಚ್ಚಿ ಜೋರಾಗಿ ಅಲ್ಲಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.

5. ನಡುವಿನ ಸೀಳಿಗೂ ಎರಡೂ ಬದಿಯ ಅಂಚಿಗೂ ಟೇಪು, ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಸುತ್ತು.

ಒಂದು ಪೆಟ್ಟಿಗೆಗೆ ಐದು ಕಿಲೋ ಮಿತಿ ಹಾಕಿಕೊಳ್ಳಿ. ಐನೂರು ತಾಮ್ರದ ಕಾಲಾಣೆ 3.24 ಕಿಲೋ, ಐನೂರು ಕಂಚಿನದು 2.43 ಕಿಲೋ, ಪೆಟ್ಟಿಗೆಯ ತೂಕ ಕೂಡಿದರೂ ಮಿತಿಯೊಳಗೇ ಇರುತ್ತದೆ. ಅಂಚೆ ಇಲಾಖೆ ಸ್ಪೀಡ್ ಪೋಸ್ಟಿನಲ್ಲಿ 35 ಕಿಲೋವರೆಗೆ ಒಯ್ಯುತ್ತದೆ, ಆದರೆ ಅಷ್ಟು ಲೋಹ ತುಂಬಿದ ರಟ್ಟಿನ ಪೆಟ್ಟಿಗೆ ದಾರಿಯಲ್ಲಿ ಉಳಿಯುವುದಿಲ್ಲ.

ಕಳಿಸುವುದು

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಈಗ ಸ್ಪೀಡ್ ಪೋಸ್ಟ್, ಜೊತೆಗೆ ವಿಮೆ. ಕೌಂಟರಿನಲ್ಲಿ ಒಳಗೆ ಹಳೆಯ ನಾಣ್ಯ ಇದೆ ಎಂದು ನಿಜ ಹೇಳಿ, ನಿಜವಾದ ಬೆಲೆಗೆ ವಿಮೆ ಮಾಡಿಸಿ, ರಸೀದಿ ಜೋಪಾನ ಮಾಡಿ. ಪೆಟ್ಟಿಗೆಯ ಹೊರಮೈ ಮೇಲೆ ಮಾತ್ರ 'ನಾಣ್ಯ' ಎಂದು ಬರೆಯಬೇಡಿ. ಹಲವು ಖಾಸಗಿ ಕೊರಿಯರ್‌ಗಳ ಷರತ್ತಿನಲ್ಲಿ ನಗದು, ನಾಣ್ಯ, ಪುರಾವಸ್ತುಗಳನ್ನು ಹೊರಗಿಟ್ಟಿರುತ್ತಾರೆ. 'ಹಾರ್ಡ್‌ವೇರ್' ಎಂದು ಬರೆದು ಕಳಿಸಿದರೆ ಕಳೆದಾಗ ಕೇಳುವ ಹಕ್ಕೂ ಕಳೆಯುತ್ತದೆ. ಪರಿಚಯದ ಕೊಳ್ಳುಗ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದು ಸರಕು ಕಡಿಮೆ ಬೆಲೆಯ ಕಟ್ಟಾಗಿದ್ದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಪಾರ್ಸೆಲ್ ವಿಚಾರಿಸಬಹುದು. ಬೆಲೆಬಾಳುವುದಕ್ಕೆ ಆ ದಾರಿ ಬೇಡ.

ಪಾರ್ಸೆಲ್ ಮುಟ್ಟಿದ ಮೇಲೆ ಹಣ ಎಂಬ ಒಪ್ಪಂದವನ್ನು ಅಪರಿಚಿತರೊಂದಿಗೆ ಮಾಡಿಕೊಳ್ಳಬೇಡಿ. ಸಾಗಣೆ ಖರ್ಚನ್ನು ಬೆಲೆಯೊಳಗೆ ಅಡಗಿಸದೆ ಬೇರೆಯಾಗಿ ಹೇಳಿ. ಕಲಬುರಗಿಯಿಂದ ಗುವಾಹಟಿಗೂ ಸೊಲ್ಲಾಪುರಕ್ಕೂ ಒಂದೇ ಖರ್ಚು ತಗಲುವುದಿಲ್ಲ.

ಕಟ್ಟುವಾಗ ನಾಣ್ಯದ ಎಣಿಕೆ, ತಕ್ಕಡಿಯ ಅಂಕಿ, ಪೆಟ್ಟಿಗೆ ಮುಚ್ಚುವುದು, ವಿಳಾಸದ ಚೀಟಿ ಎಲ್ಲ ಒಂದೇ ಓಟದ ವಿಡಿಯೋದಲ್ಲಿ ಇರಲಿ. ಬಿಡಿ ನಾಣ್ಯಗಳಿಗೆ ಎರಡೂ ಬದಿಯ ಸ್ಪಷ್ಟ ಚಿತ್ರ, ನೂರನೇ ಒಂದು ಗ್ರಾಂವರೆಗಿನ ತೂಕ ಬರೆದಿಡಿ. ಕೊಳ್ಳುಗ 'ಇದು ಬೇರೆಯೇ ನಾಣ್ಯ' ಎಂದು ಮರಳಿಸಿದರೆ, ಬಂದದ್ದನ್ನು ಆ ಚಿತ್ರದ ಪಕ್ಕದಲ್ಲಿಟ್ಟು ಅಂಚಿನ ತಗ್ಗು, ಗೀರು, ಕಲೆಯ ಜಾಗ ಹೋಲಿಸಿ ನೋಡಿ. ಎರಡು ಹಳೆಯ ತಾಮ್ರದ ನಾಣ್ಯ ಒಂದೇ ರೀತಿ ಸವೆದಿರುವುದಿಲ್ಲ. ಹೋಲಿಕೆ ಸರಿಬಂದರೆ ಮಾತ್ರ ಹಣ ವಾಪಸು ಕೊಡಿ, ಬೇರೆಯದನ್ನು ಹಾಕಿ ಕಳಿಸಿದ್ದರೆ ವಿಡಿಯೋ ಮತ್ತು ತೂಕದ ಚೀಟಿ ಮುಂದಿಟ್ಟು ಮಾತಾಡಿ.